ಮೈ ಒಬ್ಬರದು, ದನಿ ಇನ್ನೊಬ್ಬರದು

ಅಮೆರಿಕದ ಷಿಕಾಗೊದಲ್ಲಿದ್ದ ಮಿಡ್‌ವೇ ಸಂಸ್ಥೆ 1992ರಲ್ಲಿ 'ಮಾರ್ಟಲ್ ಕಾಂಬ್ಯಾಟ್' ಎಂಬ ಕಾದಾಟದ ಆಟವನ್ನು ಹೊರತಂದಿತು. ನಾಣ್ಯ ಹಾಕಿ ಆಡುವ ಯಂತ್ರಗಳ ಕಾಲ ಅದು. ಆಗ ಹೆಸರು ಮಾಡಿದ್ದ 'ಸ್ಟ್ರೀಟ್ ಫೈಟರ್ 2'ರ ಹೋರಾಟಗಾರರೆಲ್ಲ ಕಲಾವಿದರು ಬಿಡಿಸಿದ ಚಿತ್ರಗಳು. ಮಾರ್ಟಲ್ ಕಾಂಬ್ಯಾಟ್‌ನ ತೆರೆಯ ಮೇಲೆ ಹೊಡೆದಾಡಿದವರು ಮಾತ್ರ ನಿಜವಾದ ಮನುಷ್ಯರು.

ಪ್ರೋಗ್ರಾಮರ್ ಎಡ್ ಬೂನ್, ಚಿತ್ರಕಾರ ಜಾನ್ ಟೊಬಿಯಾಸ್ ಮತ್ತು ಇನ್ನಿಬ್ಬರು ಸೇರಿ ಕಟ್ಟಿದ ಆಟವಿದು. ಸಮರಕಲೆ ಬಲ್ಲವರನ್ನು ಕರೆಸಿ, ಅವರ ಗುದ್ದು, ಒದೆ, ಬೀಳುವ ಭಂಗಿಗಳನ್ನು ವಿಡಿಯೊ ಕ್ಯಾಮೆರಾದಲ್ಲಿ ಚಿತ್ರೀಕರಿಸಿದರು. ಯಂತ್ರದ ಮೆಮೊರಿಯಲ್ಲಿ ಜಾಗ ತೀರಾ ಕಡಿಮೆ. ಆದ್ದರಿಂದ ಒಂದೊಂದು ಒದೆತದಿಂದ ಕೆಲವೇ ಫ್ರೇಮುಗಳನ್ನು ಆರಿಸಿ, ಹಿನ್ನೆಲೆ ಅಳಿಸಿ ಸೇರಿಸಬೇಕಿತ್ತು. ಅದೇ ಕಾರಣಕ್ಕೆ ಒಬ್ಬ ನಟನಿಂದಲೇ ಹಲವು ಪಾತ್ರಗಳು ಹುಟ್ಟಿದವು. ಡೇನಿಯಲ್ ಪೆಸಿನಾ ಸಿನಿಮಾ ನಟ ಜಾನಿ ಕೇಜ್‌ನ ಪಾತ್ರ ಮಾಡಿದರು. ಮುಸುಕು ಹಾಕಿ ನಿಂಜಾ ಕೂಡ ಆದರು. ಆ ನಿಂಜಾನ ಉಡುಪಿಗೆ ಹಳದಿ ಬಣ್ಣ ಕೊಟ್ಟರೆ ಸ್ಕಾರ್ಪಿಯನ್, ನೀಲಿ ಕೊಟ್ಟರೆ ಸಬ್‌-ಜೀರೋ. ಎರಡನೆಯ ಆಟದಲ್ಲಿ ಕ್ಯಾಟಲಿನ್ ಜಮಿಯಾರ್ ಅವರೊಬ್ಬರೇ ಕಿಟಾನಾ, ಮಿಲೀನಾ, ಜೇಡ್ ಮೂವರೂ ಆದರು.

ದನಿಗೆ ಹೊರಗಿನವರನ್ನು ಹುಡುಕಲೂ ಇಲ್ಲ. ಸ್ಕಾರ್ಪಿಯನ್ ಈಟಿ ಎಸೆದು ಎದುರಾಳಿಯನ್ನು ಎಳೆದುಕೊಳ್ಳುವಾಗ ಹೊಮ್ಮುವ ಪ್ರಸಿದ್ಧ ಅಬ್ಬರ ಬೂನ್ ಅವರದೇ.

ಆಟ ಮನೆಯ ಕನ್ಸೋಲ್‌ಗಳಿಗೂ ಬಂದು ಭಾರಿ ಹಣ ಗಳಿಸಿದಾಗ ತಕರಾರು ಎದ್ದಿತು. ತಾವು ಒಪ್ಪಿದ್ದು ನಾಣ್ಯದ ಯಂತ್ರಕ್ಕೆ ಮಾತ್ರ, ಮನೆಯ ಆವೃತ್ತಿಗಳಲ್ಲಿ ತಮ್ಮ ರೂಪ ಬಳಸುವುದಕ್ಕಲ್ಲ ಎಂಬುದು ನಟರ ವಾದ. 1996ರಲ್ಲಿ ಪೆಸಿನಾ ಅವರ ಮೊಕದ್ದಮೆ ಬಿದ್ದುಹೋಯಿತು. ಆಟ ಆಡುವ 306 ಜನರನ್ನು ವಿಚಾರಿಸಿದಾಗ ಜಾನಿ ಕೇಜ್ ಆಗಿದ್ದವರು ಪೆಸಿನಾ ಎಂದು ಗುರುತಿಸಿದವರು ಶೇ 6ರಷ್ಟು ಮಾತ್ರ ಎಂಬ ಅಂಶ ಅವರಿಗೆ ಮುಳುವಾಯಿತು. ಪಾತ್ರ ಮನೆಮಾತಾದಷ್ಟೂ ಅದರೊಳಗಿನ ಮನುಷ್ಯ ಅಳಿಸಿಹೋಗಿದ್ದ. ಆ ಅಳಿಸುವಿಕೆಯೇ ಅವನ ವಿರುದ್ಧ ಸಾಕ್ಷಿಯಾದದ್ದು ನೋವಿನ ಸಂಗತಿ. ಮರುವರ್ಷ ಜಮಿಯಾರ್, ಸೋನ್ಯಾ ಪಾತ್ರದ ಎಲಿಜಬೆತ್ ಮಲೆಕಿ ಮತ್ತು ಫಿಲಿಪ್ ಆನ್ ಕೂಡ ಸೋತರು. ಚಿತ್ರೀಕರಣಕ್ಕೆ ಒಪ್ಪಿದ್ದಾಗಿದೆ, ಕೃತಿಯ ಹಕ್ಕು ಸಂಸ್ಥೆಯದು ಎಂದು ನ್ಯಾಯಾಲಯ ಹೇಳಿತು. ಡೇನಿಯಲ್ ಅವರ ಸಹೋದರ, ರೈಡನ್ ಪಾತ್ರ ಮಾಡಿದ ಕಾರ್ಲೋಸ್ ಪೆಸಿನಾ ಮಾತ್ರ ಮುಂದೆಯೂ ಈ ಆಟಗಳ ಮೋಷನ್ ಕ್ಯಾಪ್ಚರ್ ಕೆಲಸದಲ್ಲಿ ಉಳಿದರು.

ಈ ಆಟವನ್ನು ಆಧರಿಸಿದ 1995ರ ಸಿನಿಮಾ ಬೇರೆಯೇ ನಟರನ್ನು ತಂದಿತು: ಹೋರಾಟಗಾರ ಲಿಯು ಕಾಂಗ್ ಆಗಿ ಹಾಂಗ್‌ಕಾಂಗ್‌ನ ರಾಬಿನ್ ಶೌ, ಮಾಂತ್ರಿಕ ಶಾಂಗ್ ಸುಂಗ್ ಆಗಿ ಕ್ಯಾರಿ-ಹಿರೋಯುಕಿ ತಗಾವಾ. ಕೇನೊ ಪಾತ್ರಕ್ಕೆ ಇಂಗ್ಲೆಂಡಿನ ಟ್ರೆವರ್ ಗಾಡರ್ಡ್ ಕೊಟ್ಟ ಮಾತಿನ ಧಾಟಿ ಆಸ್ಟ್ರೇಲಿಯಾದವರದಂತೆ ಕೇಳಿಸಿತು. ನಂತರದ ಆಟಗಳಲ್ಲಿ ಕೇನೊ ಆಸ್ಟ್ರೇಲಿಯಾದವನೇ ಆಗಿಬಿಟ್ಟ. ತಗಾವಾ ಅವರ ಮುಖ ಮತ್ತು ದನಿ 2019ರಲ್ಲಿ 'ಮಾರ್ಟಲ್ ಕಾಂಬ್ಯಾಟ್ 11'ಕ್ಕೆ ಮರಳಿದವು. ಜಾನಿ ಕೇಜ್‌ನ ಮೂಲ ಕಲ್ಪನೆಗೆ ಸ್ಫೂರ್ತಿಯಾಗಿದ್ದ ಜೀನ್-ಕ್ಲಾಡ್ ವ್ಯಾನ್ ಡ್ಯಾಮ್ 2023ರಲ್ಲಿ, ಮೂರು ದಶಕಗಳ ಬಳಿಕ, ಆಟದ ಆ ಪಾತ್ರಕ್ಕೆ ತಮ್ಮ ರೂಪವನ್ನೂ ದನಿಯನ್ನೂ ಕೊಟ್ಟರು.

ಈಗಿನ ಆಟಗಳಲ್ಲಿ ಒಂದೇ ಪಾತ್ರದ ಮುಖ ಒಬ್ಬರದು, ಚಲನೆ ಇನ್ನೊಬ್ಬರದು, ದನಿ ಮತ್ತೊಬ್ಬರದು ಆಗಿರಬಹುದು. ಸ್ಟುಡಿಯೊದಲ್ಲಿ ಸಂಭಾಷಣೆಗಿಂತ ಕಠಿಣವಾದದ್ದು ಪದಗಳಿಲ್ಲದ ಭಾಗ: ಏಟು ತಿಂದ ನರಳಾಟ, ಬೀಳುವ ಕೂಗು, ಸಾಯುವ ಚೀತ್ಕಾರ. ಹೊಡೆತ ಸಣ್ಣದೋ ದೊಡ್ಡದೋ, ಬೆಂಕಿಯದೋ ಕತ್ತಿಯದೋ ಎಂಬುದಕ್ಕೆ ತಕ್ಕಂತೆ ಇವನ್ನು ಮತ್ತೆ ಮತ್ತೆ ಕೊಡಬೇಕು. ಗಂಟಲು ಕೆಟ್ಟರೆ ಮಾತಿನ ಭಾಗ ಹಾಳಾಗುತ್ತದೆ. ಹಾಗಾಗಿ ಕಿರುಚಾಟವನ್ನು ದಿನದ ಕೊನೆಗೆ ಇಟ್ಟುಕೊಳ್ಳುವುದು ರೂಢಿ. ಗಂಟಲಿಗಾಗುವ ಈ ಹಾನಿ ಅಮೆರಿಕದ ನಟರ ಸಂಘ 2016ರಲ್ಲಿ ಹೂಡಿದ ಮುಷ್ಕರದ ಬೇಡಿಕೆಗಳಲ್ಲೊಂದಾಗಿತ್ತು.

ಸಂಘ 2024ರ ಜುಲೈಯಲ್ಲಿ ಮತ್ತೆ ಮುಷ್ಕರಕ್ಕೆ ಇಳಿದಾಗ ಚರ್ಚೆ ಕೃತಕ ಬುದ್ಧಿಮತ್ತೆಯದಾಗಿತ್ತು. ಒಮ್ಮೆ ಮುದ್ರಿಸಿಕೊಂಡ ದನಿಯಿಂದ, ಚಲನೆಯಿಂದ ನಟರಿಲ್ಲದೆಯೇ ಹೊಸ ಅಭಿನಯ ತಯಾರಿಸಬಹುದೆಂಬ ಆತಂಕ ಅದು. ಸಾಹಸ ಕಲಾವಿದರಿಗೂ ಅದೇ ರಕ್ಷಣೆ ಬೇಕೆಂದು ಸಂಘ ಪಟ್ಟುಹಿಡಿಯಿತು. 2025ರಲ್ಲಿ ಆದ ಒಪ್ಪಂದದಂತೆ ಡಿಜಿಟಲ್ ಪ್ರತಿರೂಪ ಬಳಸಲು ನಟರ ಒಪ್ಪಿಗೆ ಬೇಕು. ಮುಷ್ಕರದ ವೇಳೆ, ಹೊಸ ಅಭಿನಯ ತಯಾರಿಸಲು ಕೊಟ್ಟ ಒಪ್ಪಿಗೆಯನ್ನು ಅವರು ತಡೆಹಿಡಿಯಲೂಬಹುದು.