ಡಿಸ್ಕು ಕೆಟ್ಟರೆ ವಿಂಡೋಸ್ ಹಾಕಿಸಲೇಬೇಕೆ?



ಕಳೆದ ಮಳೆಗಾಲದಲ್ಲಿ ಲೆಕ್ಕ ನಕಲಿಸುತ್ತಿದ್ದಾಗಲೇ ಕರೆಂಟು ಹೋಗಿ ಸಂಘದ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕು ಕೈಕೊಟ್ಟಿತು. ಮೂರು ವರ್ಷದ ಅಡಿಕೆ ತೂಕ, ನಿಮ್ಮ ಸಾಲದ ಖಾತೆ ಎಲ್ಲವೂ ಅದರಲ್ಲಿದ್ದವು. ಕಚೇರಿಯ ಗಣಕಯಂತ್ರದಲ್ಲಿರುವುದು ಲಿನಕ್ಸ್. ಡಿಸ್ಕು ವಿಂಡೋಸಿನ ಎನ್‌ಟಿಎಫ್‌ಎಸ್ ಮಾದರಿಯದು. ಪೇಟೆಯ ಅಂಗಡಿಯವರು ವಿಂಡೋಸ್ ಹಾಕಿಸಿ, ಇಲ್ಲವೇ ಫಾರ್ಮ್ಯಾಟ್ ಮಾಡಿಸಿ ಎಂದರು. ಎರಡೂ ಬೇಕಾಗಲಿಲ್ಲ.

ಓದಲು ಸಿಕ್ಕಷ್ಟನ್ನು ಮೊದಲು ಬೇರೆಡೆಗೆ ನಕಲಿಸಿಕೊಂಡೆವು. ರಿಪೇರಿಯೇ ಕೆಲವೊಮ್ಮೆ ಇದ್ದುದನ್ನೂ ಕಳೆಯುತ್ತದೆ. ಲಿನಕ್ಸಿನಲ್ಲಿ ಎನ್‌ಟಿಎಫ್‌ಎಸ್‌ಫಿಕ್ಸ್ ಎಂಬುದೊಂದಿದೆ. ಹೆಸರು ದೊಡ್ಡದು, ಕೆಲಸ ಸಣ್ಣದು: ಕೆಲವು ತೊಡಕು ಬಿಡಿಸಿ, ಉಳಿದ ತಪಾಸಣೆಯನ್ನು ವಿಂಡೋಸಿಗೇ ಬಿಡುತ್ತದೆ. ಪೂರ್ಣ ರಿಪೇರಿಗೆ ವಿಂಡೋಸಿನ ಚೆಕ್‌ಡಿಸ್ಕ್ ಬೇಕು.

ವರ್ಚುವಲ್‌ಬಾಕ್ಸ್ ಇದ್ದರೆ ಲಿನಕ್ಸಿನೊಳಗೇ ಒಂದು ಕಿಟಕಿಯಲ್ಲಿ ವಿಂಡೋಸ್ ನಡೆಸಬಹುದು. ಡಿಸ್ಕನ್ನು ಲಿನಕ್ಸಿನಿಂದ ಅನ್‌ಮೌಂಟ್ ಮಾಡಿ ಅದಕ್ಕೆ ವಹಿಸಿದೆವು. ಬರಿಯ ಚೆಕ್‌ಡಿಸ್ಕ್ ದೋಷ ತೋರಿಸುತ್ತದೆ, ಮುಟ್ಟುವುದಿಲ್ಲ. ಓರೆಗೆರೆ ಹಾಕಿ ಎಫ್ ಸೇರಿಸಿದರೆ ಮಾತ್ರ ಸರಿಪಡಿಸುತ್ತದೆ. ಡಿಸ್ಕು ಕಟಕಟ ಸದ್ದು ಮಾಡುತ್ತಿದ್ದರೆ ಇದಾವುದಕ್ಕೂ ಹೋಗಬೇಡಿ, ಅದು ಯಂತ್ರದ ರೋಗ.

ಎಕ್ಸ್‌ಫ್ಯಾಟ್ ಮಾದರಿಯ ಡಿಸ್ಕಿಗೆ ಇಷ್ಟು ಸುತ್ತು ಬೇಡ, ತಪಾಸಣೆ ಲಿನಕ್ಸಿನಲ್ಲೇ ಆಗುತ್ತದೆ.

ಖಾತೆಗಳು ಸಿಕ್ಕವು. ಒಂದು ಫೈಲು ಮಾತ್ರ ಹೆಸರು ಕಳೆದುಕೊಂಡು ‘ಫೌಂಡ್’ ಎಂಬ ಫೋಲ್ಡರಿನಲ್ಲಿ ಬಿದ್ದಿತ್ತು; ರಶೀದಿ ಪುಸ್ತಕ ಇಟ್ಟುಕೊಂಡು ತಾಳೆ ನೋಡಿದೆವು.