ಕಾಲಿನಿಂದ ಮಿದುಳಿಗೆ ಎಷ್ಟು ದೂರ?

ಸೇಡಂ, ಚಿತ್ತಾಪುರದ ಕಡೆ ಐವತ್ತು ದಾಟಿದ ಯಾರ ಮುಂದಾದರೂ ನಾಯಿ ಕಡಿತದ ಮಾತು ತೆಗೆಯಿರಿ. ಅವರ ಕೈ ತಾನಾಗಿ ಹೊಟ್ಟೆಯ ಮೇಲೆ ಹೋಗುತ್ತದೆ. ‘ಹೊಕ್ಕಳ ಸುತ್ತ ಹದಿನಾಕು ಸೂಜಿ ಮಾಡ್ತಿದ್ರು ನೋಡ್ರಿ’ ಎನ್ನುತ್ತಾರೆ. ಆ ಸೂಜಿ ನಿಂತು ಇಪ್ಪತ್ತು ವರ್ಷ ದಾಟಿತು. ಅದರ ಹೆದರಿಕೆ ಮಾತ್ರ ಅಪ್ಪನಿಂದ ಮಗನಿಗೆ, ಅಜ್ಜಿಯಿಂದ ಮೊಮ್ಮಗಳಿಗೆ ಇಳಿಯುತ್ತಲೇ ಬಂದಿದೆ. ಆ ಹೆದರಿಕೆಯಲ್ಲೇ ಎಷ್ಟೋ ಜನ ದವಾಖಾನೆಯ ದಾರಿ ತಪ್ಪಿಸಿ, ಗಾಯಕ್ಕೆ ಖಾರದ ಪುಡಿಯನ್ನೋ ಸುಣ್ಣವನ್ನೋ ಮೆತ್ತಿ, ನೂಲು ಕಟ್ಟಿಸಿಕೊಂಡು ಸುಮ್ಮನಾಗುತ್ತಾರೆ. ರೇಬೀಸ್ ಕಾಯುವುದು ಇಂಥ ಸುಮ್ಮನಿರುವಿಕೆಗೇ.

ಈ ರೋಗದ ಕಥೆಯೆಲ್ಲ ಎರಡು ಪಯಣಗಳ ನಡುವಿನ ಪೈಪೋಟಿ. ಕಡಿದ ಜಾಗದಿಂದ ಮಿದುಳಿನ ಕಡೆಗೆ ವೈರಸ್ ಹೊರಡುತ್ತದೆ. ಕಡಿಸಿಕೊಂಡವರು ಔಷಧಿಯ ಕಡೆಗೆ ಹೊರಡಬೇಕು. ಮೊದಲು ಮುಟ್ಟಿದವರು ಗೆದ್ದಂತೆ.

ವೈರಸ್ಸಿನ ದಾರಿಯನ್ನು ಮೊದಲು ನೋಡೋಣ. ಅದು ಬಂದೂಕಿನ ಗುಂಡಿನ ಆಕಾರದ್ದು, ಉದ್ದ ಒಂದು ಮಿಲಿಮೀಟರನ್ನು ಐದು ಸಾವಿರ ಪಾಲು ಮಾಡಿದರೆ ಸುಮಾರು ಒಂದು ಪಾಲಿನಷ್ಟು. ಒಳಗೆ ಇರುವುದು ಐದೇ ಐದು ಜೀನುಗಳು, ಮೇಲೊಂದು ಕೊಬ್ಬಿನ ತೆಳುವಾದ ಹೊದಿಕೆ. ಈ ಹೊದಿಕೆಯನ್ನು ನೆನಪಿಡಿ, ಕೊನೆಗೆ ಬೇಕಾಗುತ್ತದೆ. ಹುಚ್ಚುನಾಯಿಯ ಜೊಲ್ಲಿನೊಂದಿಗೆ ಮಾಂಸಖಂಡಕ್ಕೆ ಇಳಿದ ವೈರಸ್ ಬೇರೆ ಹಲವು ರೋಗಾಣುಗಳಂತೆ ರಕ್ತದಲ್ಲಿ ಹರಿದಾಡುವುದಿಲ್ಲ. ಕೆಲಕಾಲ ಅಲ್ಲೇ ಇದ್ದು, ಹತ್ತಿರದ ನರದ ತುದಿಯೊಳಗೆ ನುಸುಳುತ್ತದೆ. ನರದ ಎಳೆಯೊಳಗೆ ತುದಿಯಿಂದ ಬುಡಕ್ಕೆ ಸರಕು ಸಾಗಿಸುವ ವ್ಯವಸ್ಥೆಯೊಂದು ಸದಾ ನಡೆದಿರುತ್ತದೆ. ವೈರಸ್ ಆ ಗಾಡಿಯನ್ನೇ ಹತ್ತಿ ದಿನಕ್ಕೆ ಕೆಲವು ಮಿಲಿಮೀಟರಿನಿಂದ ಕೆಲವು ಸೆಂಟಿಮೀಟರಿನವರೆಗೆ ಸಾಗಿ ಬೆನ್ನುಹುರಿಗೆ, ಅಲ್ಲಿಂದ ಮಿದುಳಿಗೆ ತಲುಪುತ್ತದೆ. ನರದೊಳಗೆ ಅಡಗಿದ್ದಷ್ಟು ದಿನ ನಮ್ಮ ದೇಹದ ಕಾವಲುಗಾರರ ಕಣ್ಣಿಗೆ ಅದು ಬೀಳುವುದೇ ಇಲ್ಲ. ಹೀಗಾಗಿ ಜ್ವರವಿಲ್ಲ, ಬಾವು ಇಲ್ಲ, ಗಾಯವೂ ಮಾಯುತ್ತದೆ. ಮನೆಯವರು ‘ಏನೂ ಆಗಿಲ್ಲ’ ಎಂದು ಸಮಾಧಾನಪಡುತ್ತಾರೆ.

ಸಾಮಾನ್ಯವಾಗಿ ಈ ಪಯಣಕ್ಕೆ ಒಂದರಿಂದ ಮೂರು ತಿಂಗಳು ಹಿಡಿಯುತ್ತದೆ. ಕೆಲವೊಮ್ಮೆ ಒಂದೇ ವಾರ, ಅಪರೂಪಕ್ಕೆ ವರ್ಷಕ್ಕೂ ಹೆಚ್ಚು. ಕಾಲಿಗೆ ಕಡಿದರೆ ದಾರಿ ಉದ್ದ. ಮುಖಕ್ಕೆ, ಕುತ್ತಿಗೆಗೆ ಕಡಿದರೆ ಗೇಣುದ್ದ. ಚಿಕ್ಕ ಮಕ್ಕಳ ಮುಖ ನಾಯಿಯ ಬಾಯಿಯ ಎತ್ತರಕ್ಕೇ ಇರುತ್ತದೆ. ಮಕ್ಕಳಿಗೆ ಈ ರೋಗ ಹೆಚ್ಚು ಕ್ರೂರವಾಗಿರುವುದಕ್ಕೆ ಇದೂ ಒಂದು ಕಾರಣ. ಮಿದುಳು ಮುಟ್ಟಿದ ಮೇಲೆ ವೈರಸ್ ಮತ್ತೆ ನರಗಳ ದಾರಿಯಲ್ಲೇ ಇಳಿದು ಜೊಲ್ಲಿನ ಗ್ರಂಥಿಗಳನ್ನು ತುಂಬಿಕೊಳ್ಳುತ್ತದೆ. ನುಂಗಲು ಹೋದರೆ ಗಂಟಲು ಸೆಟೆದುಕೊಳ್ಳುತ್ತದೆ. ನೀರಿನ ಲೋಟ ಕಂಡರೂ, ಮುಖಕ್ಕೆ ಗಾಳಿ ಬೀಸಿದರೂ ರೋಗಿ ನಡುಗುತ್ತಾನೆ. ಈ ಹಂತಕ್ಕೆ ಬಂದವರನ್ನು ಉಳಿಸುವ ಔಷಧಿ ಇವತ್ತಿಗೂ ಜಗತ್ತಿನ ಯಾವ ಆಸ್ಪತ್ರೆಯಲ್ಲೂ ಇಲ್ಲ.

ಇದನ್ನು ನಮ್ಮ ಹಿಂದಿನವರು ಚೆನ್ನಾಗಿ ಬಲ್ಲವರಾಗಿದ್ದರು. ಸುಮಾರು ನಾಲ್ಕು ಸಾವಿರ ವರ್ಷದ ಹಿಂದಿನ ಮೆಸೊಪೊಟೇಮಿಯಾದ ಎಶ್ನುನ್ನಾ ಪಟ್ಟಣದ ಕಾನೂನಿನಲ್ಲಿ, ಹುಚ್ಚುನಾಯಿಯನ್ನು ಕಟ್ಟಿಹಾಕದೆ ಅದು ಕಡಿದು ಯಾರಾದರೂ ಸತ್ತರೆ ಒಡೆಯ ದಂಡ ತೆರಬೇಕಿತ್ತು. ಸುಶ್ರುತ ಸಂಹಿತೆಯ ಕಲ್ಪಸ್ಥಾನದ ವರ್ಣನೆ ಓದಿದರೆ ಇಂದಿನ ವೈದ್ಯರೂ ತಲೆದೂಗಬೇಕು. ಹುಚ್ಚು ಹಿಡಿದ ನಾಯಿ, ನರಿಗಳ ಬಾಲ, ದವಡೆ, ಹೆಗಲು ಜೋತುಬೀಳುತ್ತವೆ, ಜೊಲ್ಲು ಸುರಿಯುತ್ತದೆ ಎಂದು ಅದು ಹೇಳುತ್ತದೆ. ಕಡಿಸಿಕೊಂಡವನಿಗೆ ಬರುವ ನೀರಿನ ಭಯಕ್ಕೆ ಜಲತ್ರಾಸ ಎಂದು ಹೆಸರಿಟ್ಟು, ಅದು ಸಾವಿನ ಲಕ್ಷಣ ಎನ್ನುತ್ತದೆ. ಕಡಿದ ಜಾಗದ ರಕ್ತ ಹಿಂಡಿ ತೆಗೆದು ಕಾದ ತುಪ್ಪದಿಂದ ಸುಡಬೇಕೆಂಬ ಸಲಹೆಯೂ ಅಲ್ಲಿದೆ. ಸುಡುವುದು ಕ್ರೂರ, ಆದರೆ ವಿಷ ಒಳಗೆ ಹೋಗುವ ಮುನ್ನ ಗಾಯದಲ್ಲೇ ಅದನ್ನು ತಡೆಯಬೇಕು ಎಂಬ ಲೆಕ್ಕ ಸರಿಯಾದದ್ದೇ. ಸೇಡಂ ತಾಲ್ಲೂಕಿನ ಮಳಖೇಡ ರಾಷ್ಟ್ರಕೂಟರ ರಾಜಧಾನಿಯಾಗಿದ್ದಾಗ, ‘ಕಲ್ಯಾಣಕಾರಕ’ ಬರೆದ ಉಗ್ರಾದಿತ್ಯನಂಥ ಜೈನ ವೈದ್ಯ ನೃಪತುಂಗನ ಸಭೆಯಲ್ಲಿ ವಾದ ಮಂಡಿಸುತ್ತಿದ್ದ. ಅಂಥ ಪಂಡಿತರ ಕಾಲದಲ್ಲೂ, ಅದರ ನಂತರದ ಸಾವಿರ ವರ್ಷವೂ, ನೀರಿಗೆ ಹೆದರುವ ರೋಗಿಯ ಮುಂದೆ ವೈದ್ಯರು ಕೈಕಟ್ಟಿ ನಿಲ್ಲುವುದೇ ಆಯಿತು.

1804ರಲ್ಲಿ ಜರ್ಮನಿಯ ಗೆಯೋರ್ಗ್ ತ್ಸಿಂಕೆ ಹುಚ್ಚುನಾಯಿಯ ಜೊಲ್ಲನ್ನು ಆರೋಗ್ಯವಾಗಿದ್ದ ಪ್ರಾಣಿಗಳ ಗಾಯಕ್ಕೆ ಸವರಿ, ರೋಗ ಹರಡುವುದು ಜೊಲ್ಲಿನಿಂದಲೇ ಎಂದು ತೋರಿಸಿದ. ನಿಜವಾದ ತಿರುವು ಬಂದದ್ದು ಪ್ಯಾರಿಸ್ಸಿನಲ್ಲಿ. ಲೂಯಿ ಪಾಶ್ಚರ್ ವೈದ್ಯನಲ್ಲ, ರಸಾಯನಶಾಸ್ತ್ರಜ್ಞ. ಅವನೂ ಜೊತೆಗಾರ ಎಮಿಲ್ ರೂ ಕೂಡ ರೋಗಾಣುವನ್ನು ಕಣ್ಣಿನಿಂದ ನೋಡಿರಲಿಲ್ಲ, ಸೂಕ್ಷ್ಮದರ್ಶಕಕ್ಕೂ ಅದು ಸಿಕ್ಕಿರಲಿಲ್ಲ. ಆದರೂ ಅದು ನರಮಂಡಲದಲ್ಲಿ ಮನೆಮಾಡುತ್ತದೆ ಎಂದು ಅರಿತು, ಮೊಲದಿಂದ ಮೊಲಕ್ಕೆ ದಾಟಿಸಿ ಬೆಳೆಸಿದರು. ಸತ್ತ ಮೊಲದ ಬೆನ್ನುಹುರಿಯನ್ನು ಗಾಜಿನ ಸೀಸೆಯಲ್ಲಿ ತೂಗುಹಾಕಿ ತೇವವಿಲ್ಲದ ಗಾಳಿಯಲ್ಲಿ ಒಣಗಿಸಿದರು. ಎರಡು ವಾರ ಒಣಗಿದ ಹುರಿಗೆ ಕೊಲ್ಲುವ ಶಕ್ತಿ ಉಳಿಯುತ್ತಿರಲಿಲ್ಲ, ಒಂದು ದಿನ ಒಣಗಿದ್ದಕ್ಕೆ ಪೂರ್ತಿ ಉಳಿದಿರುತ್ತಿತ್ತು. ಒಣಗಿದ್ದರಿಂದ ಶುರುಮಾಡಿ ದಿನದಿನಕ್ಕೆ ಹಸಿಯ ಕಡೆಗೆ ಹೋದರೆ ದೇಹ ಕಾದಾಡಲು ಕಲಿಯುತ್ತದೆ ಎಂಬುದು ಅವರ ಎಣಿಕೆ. ಬೇರೆ ರೋಗಕ್ಕಾದರೆ ಲಸಿಕೆಯನ್ನು ರೋಗ ತಗಲುವ ಮುಂಚೆಯೇ ಹಾಕಬೇಕು. ಇಲ್ಲಿ ವೈರಸ್ ನಡೆಯುವ ದಾರಿ ನಿಧಾನದ್ದು, ಆದ್ದರಿಂದ ಕಡಿತದ ನಂತರವೂ ಲಸಿಕೆಗೆ ಸಮಯ ಸಿಗುತ್ತದೆ.

1885ರ ಜುಲೈ 6ರಂದು ಆಲ್ಸೇಸ್ ಪ್ರಾಂತದ ಒಂಬತ್ತು ವರ್ಷದ ಹುಡುಗ ಜೋಸೆಫ್ ಮೈಸ್ಟರ್‌ನನ್ನು ತಾಯಿ ಪ್ಯಾರಿಸ್ಸಿಗೆ ಕರೆತಂದಳು. ಹುಚ್ಚುನಾಯಿ ಕಡಿದು ಎರಡು ದಿನವಾಗಿತ್ತು. ಪಾಶ್ಚರ್ ಸೂಜಿ ಹಿಡಿಯುವಂತಿರಲಿಲ್ಲ, ವೈದ್ಯ ಗ್ರಾಂಶೇ ಚುಚ್ಚಿದ. ಹತ್ತು ಹನ್ನೊಂದು ದಿನಗಳಲ್ಲಿ 13 ಚುಚ್ಚುಮದ್ದು. ಹುಡುಗ ಬದುಕಿದ, ಮುಂದೆ ಪಾಶ್ಚರ್ ಸಂಸ್ಥೆಯಲ್ಲೇ ಬಾಗಿಲು ಕಾಯುವ ಕೆಲಸ ಮಾಡಿದ.

ಅದಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಮರುವರ್ಷದ ಘಟನೆ. 1886ರ ಮಾರ್ಚ್‌ನಲ್ಲಿ ರಷ್ಯದ ಸ್ಮೊಲೆನ್ಸ್ಕ್ ಕಡೆಯಿಂದ 19 ಜನ ರೈತರು ಪ್ಯಾರಿಸ್ಸಿಗೆ ಬಂದಿಳಿದರು. ಅವರನ್ನು ಕಡಿದದ್ದು ಹುಚ್ಚು ತೋಳ. ತೋಳ ಹಾರಿ ಮುಖಕ್ಕೇ ಬಾಯಿ ಹಾಕುತ್ತದೆ, ಗಾಯ ಆಳವಾಗಿರುತ್ತದೆ. ದಾರಿಯಲ್ಲೇ ಸುಮಾರು ಎರಡು ವಾರ ಕಳೆದಿತ್ತು. ಆದರೂ 16 ಜನ ಉಳಿದರು, ಮೂವರು ತೀರಿಕೊಂಡರು. ಚಿಂಚೋಳಿಯವರಿಗೆ ತೋಳ ಹೊಸದಲ್ಲ. 2011ರಲ್ಲಿ ವನ್ಯಜೀವಿ ಧಾಮವಾದ ಅಲ್ಲಿನ ಕಾಡಿನಲ್ಲಿ ತೋಳ, ನರಿ, ಕತ್ತೆಕಿರುಬ ಇವತ್ತಿಗೂ ಇವೆ. ಕುರಿಗಾಹಿಗಳು ನೆನಪಿಡಬೇಕಾದದ್ದು ಇಷ್ಟು: ಆರೋಗ್ಯವಾಗಿರುವ ತೋಳ ಮನುಷ್ಯನನ್ನು ಕಂಡರೆ ಸರಿದುಹೋಗುತ್ತದೆ. ಹಗಲಲ್ಲಿ ತಾನಾಗಿ ಮೈಮೇಲೆ ಬಂದ ತೋಳ ಕಡಿದರೆ ಅದನ್ನು ಹುಚ್ಚು ಹಿಡಿದದ್ದೆಂದೇ ಎಣಿಸಬೇಕು.

ಪ್ಯಾರಿಸ್ ದೂರವಾಯಿತು, ನಮಗೆ ಹತ್ತಿರ ಯಾವುದಿತ್ತು? 1900ರಲ್ಲಿ ಅಂದಿನ ಪಂಜಾಬಿನ ಬೆಟ್ಟಗಳ ಕಸೌಲಿಯಲ್ಲಿ ಭಾರತದ ಮೊದಲ ಪಾಶ್ಚರ್ ಸಂಸ್ಥೆ ಆರಂಭವಾಯಿತು. ವಾಡಿಯಿಂದ ಚಿತ್ತಾಪುರ, ಸೇಡಂ ಹಾಯ್ದು ಹೈದರಾಬಾದ್ ಕಡೆಗೆ ನಿಜಾಮರ ರೈಲು 1874ರಲ್ಲೇ ಓಡತೊಡಗಿತ್ತು. ಶಹಾಬಾದ್ ಮುಂಬಯಿ–ಮದ್ರಾಸ್ ಹಾದಿಯ ಮೇಲಿತ್ತು. ಹಳಿಗಳಿದ್ದವು ನಿಜ, ಆದರೆ ಇಲ್ಲಿಂದ ಕಸೌಲಿ ಸಾವಿರ ಮೈಲಿಗೂ ಹೆಚ್ಚು ದೂರ. ತೊಗರಿ ಹೊಲದಲ್ಲಿ ದುಡಿಯುವ ಬಡವ ನಾಯಿ ಕಡಿದ ಮರುದಿನ ರೈಲು ಹತ್ತಿ ಹಿಮಾಲಯದ ತಪ್ಪಲಿಗೆ ಹೋಗುವ ಮಾತೇ ಇರಲಿಲ್ಲ. 1902ರಲ್ಲಿ ದಕ್ಷಿಣದಲ್ಲಿ ಲಿಲಿ ಪೇಕನ್‌ಹ್ಯಾಮ್ ವಾಲ್ಶ್ ಎಂಬ ಆಂಗ್ಲ ಯುವತಿ ಸಕಾಲಕ್ಕೆ ಚಿಕಿತ್ಸೆ ಸಿಗದೆ ರೇಬೀಸಿನಿಂದ ತೀರಿಕೊಂಡಳು. ಆ ಸಾವಿನ ಬೆನ್ನಿಗೆ ಅಮೆರಿಕದ ಹೆನ್ರಿ ಫಿಪ್ಸ್ ಕೊಟ್ಟ ದೇಣಿಗೆಯೂ ಸೇರಿ 1907ರಲ್ಲಿ ನೀಲಗಿರಿಯ ಕೂನೂರಿನಲ್ಲಿ ದಕ್ಷಿಣ ಭಾರತದ ಪಾಶ್ಚರ್ ಸಂಸ್ಥೆ ತೆರೆಯಿತು.

ದೂರವನ್ನು ನಿಜಕ್ಕೂ ಕಡಿಮೆ ಮಾಡಿದವನು ಕಸೌಲಿಯ ಡೇವಿಡ್ ಸೆಂಪಲ್. 1911ರಲ್ಲಿ ಅವನು, ಮಿದುಳಿನ ಅಂಶದಲ್ಲಿ ಬೆಳೆದ ವೈರಸ್ಸನ್ನು ಕಾರ್ಬಾಲಿಕ್ ಆಮ್ಲದಿಂದ ಕೊಂದು ಲಸಿಕೆ ತಯಾರಿಸಿದ. ಪಾಶ್ಚರನ ಲಸಿಕೆಗೆ ದಿನವೂ ತಾಜಾ ಬೆನ್ನುಹುರಿ ಬೇಕಿತ್ತು, ರೋಗಿಯೇ ಸಂಸ್ಥೆಗೆ ಹೋಗಬೇಕಿತ್ತು. ಸೆಂಪಲ್ ಲಸಿಕೆಯನ್ನು ಸೀಸೆಯಲ್ಲಿ ತುಂಬಿ ಪಾರ್ಸೆಲ್ ಕಳಿಸಬಹುದಿತ್ತು. ಹೀಗೆ ಅದು ಜಿಲ್ಲೆ ಜಿಲ್ಲೆಯ ಆಸ್ಪತ್ರೆಗೆ ಬಂತು. ಕುರಿಯ ಮಿದುಳಿನಲ್ಲಿ ತಯಾರಾಗುತ್ತಿದ್ದ ಈ ಲಸಿಕೆಯ ಪ್ರಮಾಣ ಹೆಚ್ಚು, ದಿನಕ್ಕೊಂದರಂತೆ ಹಲವು ದಿನ ಚುಚ್ಚಬೇಕು. ಅಷ್ಟು ದ್ರವ ಹಿಡಿಯುವ ಸಡಿಲ ಚರ್ಮ ಇರುವುದು ಹೊಟ್ಟೆಯಲ್ಲಿ. ಹೊಕ್ಕಳ ಸುತ್ತಲಿನ ಆ ಸೂಜಿಗಳ ಗುಟ್ಟು ಇಷ್ಟೇ.

ಅದು ಲಕ್ಷಾಂತರ ಜೀವ ಉಳಿಸಿತು, ಜೊತೆಗೆ ಕೆಲವರನ್ನು ಬಲಿ ತೆಗೆದುಕೊಂಡಿತು. ಕುರಿಯ ನರದ ಅಂಶ ಕಂಡ ದೇಹ ಅದರ ವಿರುದ್ಧ ಕಾದಾಡುತ್ತ, ತನ್ನದೇ ನರಗಳ ಹೊದಿಕೆಯನ್ನೂ ಶತ್ರುವೆಂದು ಬಗೆಯುತ್ತಿತ್ತು. ಅಂಥವರಿಗೆ ಲಕ್ವ ಹೊಡೆಯುತ್ತಿತ್ತು, ಕೆಲವರು ಸತ್ತರು. 1960ರ ದಶಕದಲ್ಲಿ ಅಮೆರಿಕದ ವಿಸ್ಟಾರ್ ಸಂಸ್ಥೆಯಲ್ಲಿ ವಿಕ್ಟರ್, ಕೊಪ್ರೊವ್‌ಸ್ಕಿ ಮತ್ತು ಪ್ಲಾಟ್‌ಕಿನ್ ಮಿದುಳಿನ ಗೊಡವೆಯೇ ಇಲ್ಲದೆ ಗಾಜಿನ ಪಾತ್ರೆಯಲ್ಲಿ ಬೆಳೆಸಿದ ಮನುಷ್ಯ ಜೀವಕೋಶಗಳಲ್ಲಿ ಲಸಿಕೆ ತಯಾರಿಸಿದರು. ಇರಾನಿನಲ್ಲಿ ಹುಚ್ಚು ನಾಯಿ, ತೋಳ ಕಡಿದ 45 ಜನರಿಗೆ ಅದನ್ನು ಕೊಟ್ಟರು. 1976ರಲ್ಲಿ ಪ್ರಕಟವಾದ ವರದಿಯ ಪ್ರಕಾರ 45 ಜನರೂ ಬದುಕಿದರು. ಹೀಗಿದ್ದೂ ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ಕುರಿಯ ಮಿದುಳಿನ ಲಸಿಕೆ ನಿಂತದ್ದು 2004ರ ಕೊನೆಗೆ. ಹಣವಿದ್ದವರು ಖಾಸಗಿಯಲ್ಲಿ ತೋಳಿಗೆ ಹೊಸ ಲಸಿಕೆ ಹಾಕಿಸಿಕೊಳ್ಳುತ್ತಿದ್ದ ಕಾಲದಲ್ಲಿ ಬಡವರು ಹೊಟ್ಟೆಗೆ ಹಳೆಯದನ್ನೇ ಚುಚ್ಚಿಸಿಕೊಂಡರು. ಇದು ಆಗಬಾರದಿತ್ತು.

ಆ ಅನ್ಯಾಯ ಕೊನೆಗೊಳ್ಳುವುದರಲ್ಲಿ ಕರ್ನಾಟಕದವರ ಪಾಲು ದೊಡ್ಡದು. ಬೆಂಗಳೂರಿನ ಕಿಮ್ಸ್‌ನ ಡಾ. ಎಂ.ಕೆ. ಸುದರ್ಶನ್ ಅವರ ಮುಂದಾಳುತನದಲ್ಲಿ 2003ರಲ್ಲಿ ದೇಶದಾದ್ಯಂತ ನಡೆದ ಸಮೀಕ್ಷೆ, ಭಾರತದಲ್ಲಿ ವರ್ಷಕ್ಕೆ 20,565 ಜನ ರೇಬೀಸಿನಿಂದ ಸಾಯುತ್ತಾರೆಂದು ಅಂದಾಜು ಮಾಡಿತು. ನಿಮ್ಹಾನ್ಸ್‌ನ ಡಾ. ಎಸ್.ಎನ್. ಮಧುಸೂದನ ಅವರೂ ಈ ರೋಗದ ಸಂಶೋಧನೆಗೆ ಬಾಳು ತೆತ್ತವರು. ಚರ್ಮದ ಪದರದೊಳಗೆ ಬರೀ 0.1 ಮಿಲಿಲೀಟರ್ ಲಸಿಕೆ ಕೊಟ್ಟರೂ ಸಾಕು ಎಂಬ ವಿಧಾನಕ್ಕೆ 2006ರಲ್ಲಿ ಭಾರತದಲ್ಲಿ ಒಪ್ಪಿಗೆ ಸಿಕ್ಕಿತು. ಒಬ್ಬರಿಗೆ ಬೇಕಾಗುತ್ತಿದ್ದ ಲಸಿಕೆ ಈಗ ಹಲವರಿಗೆ ಸಾಕಾಗುತ್ತದೆ, ಹಾಗಾಗಿ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಕೊಡುವುದು ಸಾಧ್ಯವಾಯಿತು. ಇಂದಿನ ಲಸಿಕೆಗಳಲ್ಲಿ ಒಂದು ಬಗೆಯನ್ನು ಬೆಳೆಸುವುದು ವೆರೋ ಎಂಬ ಜೀವಕೋಶಗಳಲ್ಲಿ. ಅದನ್ನು ತಯಾರಿಸುವ ಇಂಡಿಯನ್ ಇಮ್ಯುನಲಾಜಿಕಲ್ಸ್ ಸಂಸ್ಥೆ ಇರುವುದು, ಸೇಡಂ ಮೇಲೆ ಹಾಯುವ ಅದೇ ಹಳಿಯ ಆ ತುದಿಯ ಹೈದರಾಬಾದಿನಲ್ಲಿ. ಕಸೌಲಿಗೆ ಹೋಗಬೇಕಿದ್ದ ಊರಿನ ಲಸಿಕೆ ಈಗ ತಯಾರಾಗುವುದು ಅರ್ಧ ದಿನದ ದಾರಿಯಲ್ಲಿ.

ಲಸಿಕೆಗೂ ಒಂದು ಮಿತಿಯಿದೆ. ದೇಹ ಅದರಿಂದ ಕಲಿತು ಪ್ರತಿಕಾಯ ತಯಾರಿಸಲು ಒಂದೆರಡು ವಾರ ಬೇಕು. ಗಾಯ ಆಳವಾಗಿದ್ದರೆ, ಮುಖ ಕೈಗಳಿಗೆ ಕಡಿದಿದ್ದರೆ ಅಷ್ಟು ಕಾಯುವಂತಿಲ್ಲ. 1954ರಲ್ಲಿ ಇರಾನಿನ ಹಳ್ಳಿಯೊಂದರಲ್ಲಿ ಒಂದೇ ತೋಳ 29 ಜನರನ್ನು ಕಡಿಯಿತು. ತಲೆಗೆ ಗಾಯವಾಗಿ ಬರೀ ಲಸಿಕೆ ಪಡೆದ ಐವರಲ್ಲಿ ಮೂವರು ಸತ್ತರು. ತಯಾರಾದ ಪ್ರತಿಕಾಯಗಳಿರುವ ಸೀರಮ್ಮನ್ನೂ ಪಡೆದ 13 ಜನರಲ್ಲಿ ಸತ್ತವರು ಒಬ್ಬರೇ. ಅದಕ್ಕೇ ರಕ್ತ ಬಂದಿರುವ ಪ್ರತಿ ಕಡಿತಕ್ಕೂ ಲಸಿಕೆಯ ಜೊತೆಗೆ ಗಾಯದೊಳಗೇ ಇಮ್ಯುನೊಗ್ಲಾಬ್ಯುಲಿನ್, ಅಂದರೆ ತಯಾರಾದ ಪ್ರತಿಕಾಯಗಳ ಔಷಧಿ, ಚುಚ್ಚಬೇಕು. ತಾಲ್ಲೂಕು ಆಸ್ಪತ್ರೆಯಲ್ಲಿ ಅದರ ಹೆಸರು ಹಿಡಿದು ಕೇಳಿ. ಅಲ್ಲಿ ಇಲ್ಲದಿದ್ದರೆ ಎಲ್ಲಿ ಸಿಗುತ್ತದೆಂದು ಕೇಳಿಕೊಂಡು ಅಂದೇ ಹೊರಡಿ.

ನಾಯಿಗಳ ಮಾತನ್ನೂ ಆಡಲೇಬೇಕು. ಒಂದು ಊರಿನ ಹತ್ತರಲ್ಲಿ ಏಳು ನಾಯಿಗಳಿಗೆ ಲಸಿಕೆ ಬಿದ್ದರೆ ವೈರಸ್ಸಿನ ಸರಪಳಿ ಕಡಿಯುತ್ತದೆ. ನಮ್ಮ ನೆರೆಯ ಗೋವಾ ಇದನ್ನು ಮಾಡಿ ತೋರಿಸಿತು. ನಾಯಿಗಳಿಗೆ ವರ್ಷ ವರ್ಷ ಲಸಿಕೆ ಹಾಕಿ, 2021ರಲ್ಲಿ ರೇಬೀಸ್ ಹತೋಟಿಗೆ ಬಂದ ರಾಜ್ಯ ಎನಿಸಿಕೊಂಡಿತು. ನಾಯಿಗಳನ್ನು ಹೊಡೆದು ಕೊಂದರೆ ರೋಗ ಹೋಗುವುದಿಲ್ಲ, ಖಾಲಿಯಾದ ಓಣಿಗೆ ಲಸಿಕೆ ಕಾಣದ ಹೊಸ ನಾಯಿಗಳು ಬರುತ್ತವೆ. ಕುರಿಗಳ ಹಿಂದೆ ಹೋಗುವ ನಾಯಿ, ಕಲ್ಲಿನ ಗಣಿಯಲ್ಲಿ ಕೂಲಿಯವರು ಅನ್ನ ಹಾಕಿ ಸಾಕಿದ ನಾಯಿ, ಇವಕ್ಕೂ ವರ್ಷಕ್ಕೊಮ್ಮೆ ಸೂಜಿ ಬೇಕು.

ಇನ್ನು ಮೊದಲು ಹೇಳಿದ ಕೊಬ್ಬಿನ ಹೊದಿಕೆ. ಪಾತ್ರೆಯ ಜಿಡ್ಡು ಬಿಡಿಸುವ ಸಾಬೂನು ವೈರಸ್ಸಿನ ಹೊದಿಕೆಯನ್ನೂ ಒಡೆಯುತ್ತದೆ, ಹೊದಿಕೆ ಹೋದ ವೈರಸ್ ಸತ್ತಂತೆ. ನಾಯಿ ಕಡಿದರೆ, ಪರಚಿದರೂ ಸರಿ, ಮರಿಯೇ ಆದರೂ ಸರಿ, ನಿಂತ ಜಾಗದಲ್ಲೇ ನಲ್ಲಿಯೋ ಬೋರಿನ ನೀರೋ ಬಿಟ್ಟು ಸಾಬೂನು ಹಚ್ಚಿ 15 ನಿಮಿಷ ಗಾಯ ತೊಳೆಯಿರಿ. ಖಾರ, ಸುಣ್ಣ, ಅರಿಶಿನ ಏನನ್ನೂ ಹಚ್ಚಬೇಡಿ, ಪಟ್ಟಿ ಬಿಗಿಯಬೇಡಿ. ಅಂದೇ ದವಾಖಾನೆಗೆ ಹೋಗಿ. ಹೊಟ್ಟೆಗೆ ಯಾರೂ ಚುಚ್ಚುವುದಿಲ್ಲ, ಲಸಿಕೆ ತೋಳಿಗೆ. ಚರ್ಮದ ಪದರದೊಳಗೆ ಕೊಡುವ ವಿಧಾನದಲ್ಲಿ ಮೊದಲ ದಿನದ ನಂತರ 3, 7 ಮತ್ತು 28ನೇ ದಿನ ಮತ್ತೆ ಹೋಗಬೇಕು. ಮನೆಗೆ ಬಂದ ಕೂಡಲೇ ಗೋಡೆಯ ಕ್ಯಾಲೆಂಡರಿನಲ್ಲಿ ಆ ಮೂರು ದಿನಗಳಿಗೆ ಗುರುತು ಹಾಕಿ. ಗಾಯ ಮಾಯಿತೆಂದು 28ನೇ ದಿನದ ಸೂಜಿ ಬಿಡಬೇಡಿ.