ಶಾಲೆ ಮುಗಿದ ಮೇಲೆ ಮುಂದೇನು?

ವಿಕಲಚೇತನ ಮಕ್ಕಳ ಮುಂದಿನ ದಾರಿಯನ್ನು ಫಲಿತಾಂಶದ ದಿನವಲ್ಲ, ಎಂಟನೇ ತರಗತಿಯಲ್ಲೇ ಯೋಚಿಸಬೇಕು

ಬೋಡಿನಾಯಕನೂರು ಏಲಕ್ಕಿಯ ಊರು. ಘಟ್ಟದ ಮೇಲಿನ ಇಡುಕ್ಕಿ ತೋಟಗಳಿಂದ ಇಳಿದು ಬರುವ ಕಾಯಿ ಇಲ್ಲಿ ಹರಾಜಾಗುತ್ತದೆ. ಗೋದಾಮುಗಳಲ್ಲಿ ಜರಡಿ ಹಿಡಿದು, ಗಾತ್ರ ಮತ್ತು ಬಣ್ಣ ನೋಡಿ ಬೇರೆ ಮಾಡಿ, ಮೂಟೆ ಕಟ್ಟುತ್ತಾರೆ. ಈ ಊರಿನಲ್ಲೂ ಕಂಬಂ ಕಣಿವೆಯ ಉದ್ದಕ್ಕೂ ಮನೆಯೊಳಗೆ ಕನ್ನಡ ಆಡುವ ಕುಟುಂಬಗಳಿವೆ. ಕಪ್ಪಿಲಿಯರ್ ಎಂದು ಕರೆಸಿಕೊಳ್ಳುವ ಒಕ್ಕಲಿಗರು, ಕನ್ನಡ ದೇವಾಂಗರು ಇವರಲ್ಲಿ ಮುಖ್ಯರು. ಈ ಮನೆಗಳ ಮಕ್ಕಳಿಗೆ ಕನ್ನಡ ಆಡುಮಾತು ಮಾತ್ರ. ಓದು ಬರಹವೆಲ್ಲ ತಮಿಳಿನಲ್ಲಿ, ಅನುಕೂಲ ಇದ್ದವರಿಗೆ ಇಂಗ್ಲಿಷಿನಲ್ಲಿ.

ಹೀಗೊಂದು ಮನೆಯನ್ನು ಊಹಿಸಿಕೊಳ್ಳಿ. ಅಮ್ಮ ಏಲಕ್ಕಿ ಆಯುವ ಕೆಲಸಕ್ಕೆ ಹೋಗುತ್ತಾಳೆ. ಮಗನಿಗೆ ಬೌದ್ಧಿಕ ವೈಕಲ್ಯ. ನಿಧಾನವಾಗಿಯಾದರೂ ಹತ್ತನೇ ತರಗತಿಯವರೆಗೆ ಬಂದಿದ್ದಾನೆ. ಶಾಲೆಯಲ್ಲಿ ಅವನಿಗೊಂದು ಬೆಂಚು ಇತ್ತು, ಹಾಜರಿ ಪುಸ್ತಕದಲ್ಲಿ ಹೆಸರಿತ್ತು, ಆಗಾಗ ಬಂದು ನೋಡುವ ವಿಶೇಷ ಶಿಕ್ಷಕರಿದ್ದರು. ಪರೀಕ್ಷೆ ಮುಗಿದ ಮರುದಿನದಿಂದ ಇದು ಯಾವುದೂ ಇಲ್ಲ. ಅಮ್ಮ ಕೆಲಸಕ್ಕೆ, ಅಪ್ಪ ತೋಟಕ್ಕೆ ಜೀಪು ಹತ್ತುತ್ತಾರೆ. ಹುಡುಗ ಜಗಲಿಯ ಮೇಲೆ ಕೂರುತ್ತಾನೆ. ಎರಡು ವರ್ಷದ ಹೊತ್ತಿಗೆ ಬಸ್ಸಿನ ನಂಬರು ಓದುವುದೂ ಅವನಿಗೆ ಮರೆತುಹೋಗುತ್ತದೆ.

ಇದು ಯಾವುದೋ ಒಂದು ಮನೆಯ ದುರದೃಷ್ಟವಲ್ಲ. ಶಾಲೆಗೂ ಬದುಕಿಗೂ ನಡುವೆ ನಾವು ಸೇತುವೆ ಕಟ್ಟದೆ ಬಿಟ್ಟಿರುವುದರ ಫಲ.

ಕಾಯ್ದೆ ನಿಲ್ಲುವ ಜಾಗ

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 2017ರ ಏಪ್ರಿಲ್ 19ರಂದು ಜಾರಿಗೆ ಬಂತು. 21 ಬಗೆಯ ವೈಕಲ್ಯಗಳನ್ನು ಅದು ಗುರುತಿಸುತ್ತದೆ. ಶೇ 40 ಅಥವಾ ಅದಕ್ಕಿಂತ ಹೆಚ್ಚಿನ ವೈಕಲ್ಯವಿರುವ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇ 5 ಸೀಟು, ಪ್ರವೇಶದ ವಯೋಮಿತಿಯಲ್ಲಿ 5 ವರ್ಷದ ಸಡಿಲಿಕೆ, ಸರ್ಕಾರಿ ನೌಕರಿಯಲ್ಲಿ ಕನಿಷ್ಠ ಶೇ 4 ಮೀಸಲಾತಿ ಇದೆ.

ಆಚೆ ದಡದಲ್ಲಿ ಸೀಟು ಇದೆ, ಈಚೆ ದಡದಲ್ಲಿ ಶಾಲೆ ಇದೆ. ಮಗುವನ್ನು ಈ ದಡದಿಂದ ಆ ದಡಕ್ಕೆ ಮುಟ್ಟಿಸುವ ಹೊಣೆ ಯಾರದು ಎಂಬುದು ಮಾತ್ರ ಸ್ಪಷ್ಟವಿಲ್ಲ. ಅಮೆರಿಕದ ಕಾನೂನಿನಲ್ಲಿ ವಿದ್ಯಾರ್ಥಿಗೆ 16 ತುಂಬುವ ಹೊತ್ತಿಗೆ ಶಾಲೆ ಅವನ ಮುಂದಿನ ಓದು, ಕೆಲಸ, ಸ್ವತಂತ್ರ ಬದುಕಿನ ಬಗ್ಗೆ ಲಿಖಿತ ಯೋಜನೆ ಮಾಡಲೇಬೇಕು. ನಮ್ಮಲ್ಲಿ ಅಂಥ ಕಡ್ಡಾಯವಿಲ್ಲ.

ಅದರ ಪರಿಣಾಮ ಅಂಕಿಗಳಲ್ಲಿ ಕಾಣುತ್ತದೆ. 2018ರಲ್ಲಿ ನಡೆದ ರಾಷ್ಟ್ರೀಯ ಮಾದರಿ ಸಮೀಕ್ಷೆಯ 76ನೇ ಸುತ್ತಿನ ಪ್ರಕಾರ, ದೇಶದಲ್ಲಿ 15 ವರ್ಷ ದಾಟಿದ ವಿಕಲಚೇತನರಲ್ಲಿ ಪ್ರೌಢಶಿಕ್ಷಣ ಅಥವಾ ಅದಕ್ಕೂ ಹೆಚ್ಚು ಓದಿದವರು ಶೇ 19.3 ಮಾತ್ರ. ಅದೇ ವಯಸ್ಸಿನವರಲ್ಲಿ ದುಡಿಯುತ್ತಿರುವವರು ಮತ್ತು ಕೆಲಸ ಹುಡುಕುತ್ತಿರುವವರು ಇಬ್ಬರನ್ನೂ ಸೇರಿಸಿದರೆ ಶೇ 23.8. ಉಳಿದವರು ಕೆಲಸ ಹುಡುಕುವುದನ್ನೂ ಬಿಟ್ಟಿದ್ದಾರೆ, ಅಥವಾ ಹುಡುಕಬಹುದು ಎಂದು ಅವರಿಗೆ ಯಾರೂ ಹೇಳಿಲ್ಲ.

ಅಧ್ಯಯನಗಳು ಕಂಡದ್ದು

ಶಾಲೆಯಲ್ಲಿ ಏನು ಮಾಡಿದರೆ ಮುಂದೆ ಈ ಮಕ್ಕಳು ಓದು ಅಥವಾ ಕೆಲಸದಲ್ಲಿ ನೆಲೆ ನಿಲ್ಲುತ್ತಾರೆ? ಈ ಪ್ರಶ್ನೆ ಹಿಡಿದು ಡೇವಿಡ್ ಟೆಸ್ಟ್ ಮತ್ತು ಜೊತೆಗಾರರು ಅಮೆರಿಕದಲ್ಲಿ ಆಗಿದ್ದ 22 ಅಧ್ಯಯನಗಳನ್ನು ಜಾಲಾಡಿ, 2009ರಲ್ಲಿ 16 ಅಂಶಗಳ ಪಟ್ಟಿ ಕೊಟ್ಟರು. ಶಾಲೆಯಲ್ಲಿರುವಾಗಲೇ ಸಂಬಳದ ಕೆಲಸದ ಅನುಭವ, ಉಳಿದ ಮಕ್ಕಳ ಜೊತೆ ಒಂದೇ ತರಗತಿಯಲ್ಲಿ ಓದು, ತನ್ನ ಕೆಲಸ ತಾನೇ ಮಾಡಿಕೊಳ್ಳುವ ರೂಢಿ, ತನಗೇನು ಬೇಕೆಂದು ತಾನೇ ಹೇಳುವ ಶಕ್ತಿ, ತಂದೆ ತಾಯಿಯ ಪಾಲ್ಗೊಳ್ಳುವಿಕೆ, ಬೇರೆ ಬೇರೆ ಇಲಾಖೆಗಳ ಹೊಂದಾಣಿಕೆ ಇವೆಲ್ಲ ಅದರಲ್ಲಿವೆ.

ತೀವ್ರ ವೈಕಲ್ಯವಿರುವ ಯುವಜನರ ಬಗ್ಗೆ ಎರಿಕ್ ಕಾರ್ಟರ್ ಮತ್ತಿತರರು 2012ರಲ್ಲಿ ಪ್ರಕಟಿಸಿದ ಅಧ್ಯಯನ ನಮ್ಮ ಮನೆಗಳಿಗೆ ಇನ್ನೂ ಹತ್ತಿರವಾದದ್ದು. ಶಾಲೆಯ ದಿನಗಳಲ್ಲೇ ಊರಿನೊಳಗೆ ಸಂಬಳದ ಕೆಲಸ ಮಾಡಿದವರಿಗೆ ಮುಂದೆ ಕೆಲಸ ಸಿಗುವ ಸಾಧ್ಯತೆ ಹೆಚ್ಚಿತ್ತು. ಮನೆಗೆಲಸದಲ್ಲಿ ಪಾಲು ಪಡೆದವರಿಗೂ, 'ನಮ್ಮ ಮಗು ದುಡಿಯುತ್ತದೆ' ಎಂದು ಹೆತ್ತವರು ನಂಬಿದ್ದವರಿಗೂ ಹಾಗೆಯೇ. ಹುಡುಗಿಯರಿಗಿಂತ ಹುಡುಗರಿಗೆ ಕೆಲಸ ಸಿಗುವುದು ಹೆಚ್ಚು ಎಂಬುದನ್ನೂ ಅದು ಕಂಡಿತು. ವೈಕಲ್ಯವಿರುವ ಹೆಣ್ಣುಮಗುವನ್ನು ಮನೆಯೊಳಗೇ ಇಟ್ಟುಕೊಳ್ಳುವ ನಮ್ಮ ಅಭ್ಯಾಸವನ್ನು ಇಲ್ಲಿ ನೆನಪಿಸಿಕೊಳ್ಳಬೇಕು.

ಮಗುವಿನ ಮೇಲಿನ ಮರುಕದಿಂದ ನಾವು ಅದರ ಕೈಯಿಂದ ತಟ್ಟೆ ತೊಳೆಸುವುದಿಲ್ಲ, ಅಂಗಡಿಗೆ ಕಳಿಸುವುದಿಲ್ಲ, ಚಿಲ್ಲರೆ ಎಣಿಸಲು ಕೊಡುವುದಿಲ್ಲ. ಪ್ರೀತಿಯಿಂದಲೇ ಮಾಡುವ ಈ ತಪ್ಪಿನ ಬೆಲೆಯನ್ನು ಮಗು 18ರ ನಂತರ ತೆರಬೇಕಾಗುತ್ತದೆ.

ಮೂರನೆಯದು 2014ರಲ್ಲಿ ಪಾಲ್ ವೇಮನ್ ತಂಡ ಪ್ರಕಟಿಸಿದ ಪ್ರಯೋಗ. ಆಟಿಸಂ ಇರುವ 24 ಯುವಜನರಿಗೆ ಶಾಲೆಯ ಕೊನೆಯ ವರ್ಷ ತರಗತಿಯ ಬದಲು ಆಸ್ಪತ್ರೆಯೊಂದರಲ್ಲಿ, ತರಬೇತುದಾರರ ಜೊತೆಯಲ್ಲಿ, ಕೆಲಸದ ಅನುಭವ ಕೊಟ್ಟರು. ಅವರಲ್ಲಿ 21 ಮಂದಿಗೆ ಕೆಲಸ ಸಿಕ್ಕಿತು. ಆ ಅವಕಾಶ ಸಿಗದೆ ಮಾಮೂಲು ಶಾಲೆಯಲ್ಲೇ ಮುಂದುವರಿದ 16 ಮಂದಿಯಲ್ಲಿ ಕೆಲಸ ಸಿಕ್ಕಿದ್ದು ಒಬ್ಬರಿಗೆ. ಪ್ರಯೋಗ ಸಣ್ಣದು, ದೇಶ ಬೇರೆ. ಅಲ್ಲಿನ ವ್ಯವಸ್ಥೆಯನ್ನು ಹಾಗೆಯೇ ಎತ್ತಿ ತಂದು ಇಲ್ಲಿ ಇಡಲಾಗದು. ಆದರೆ ಕೆಲಸವನ್ನು ಕೆಲಸದ ಜಾಗದಲ್ಲೇ ಕಲಿಸಬೇಕು ಎಂಬ ಪಾಠ ನಮಗೂ ಅನ್ವಯಿಸುತ್ತದೆ.

ಮನೆಮಾತು ಎಲ್ಲಿ ಬರುತ್ತದೆ?

ಗಡಿನಾಡಿನ ಮಗುವಿಗೆ ಈ ಹೊಸ್ತಿಲಿನಲ್ಲಿ ಇನ್ನೊಂದು ಮೆಟ್ಟಿಲು ಹೆಚ್ಚು. ತಾಳವಾಡಿಯಲ್ಲೋ ಕಾಸರಗೋಡಿನಲ್ಲೋ ಕನ್ನಡ ಮಾಧ್ಯಮದಲ್ಲಿ ಓದಿದ ಮಗು ಮುಂದಿನ ತರಬೇತಿಗೆ ತಮಿಳು, ಮಲಯಾಳಂ ಅಥವಾ ಇಂಗ್ಲಿಷಿಗೆ ಹೋಗಬೇಕು. ಬೋಡಿಯ ಮಗು ಆ ಮೆಟ್ಟಿಲನ್ನು ಒಂದನೇ ತರಗತಿಯಲ್ಲೇ ಹತ್ತಿರುತ್ತದೆ. ಎರಡೂ ಕಡೆ ಕಚೇರಿಯ ಮೇಜಿನ ಮುಂದೆ ಮಗು ಮೌನವಾದರೆ, ಅದು ವೈಕಲ್ಯದಿಂದಲೋ ಭಾಷೆಯಿಂದಲೋ ಎಂದು ಬೇರ್ಪಡಿಸಿ ನೋಡುವವರು ಕಡಿಮೆ. ಬುದ್ಧಿಮಟ್ಟ ಅಥವಾ ಕಲಿಕೆಯ ತೊಂದರೆಯನ್ನು ಅಳೆಯುವಾಗ ಮನೆಯ ಮಾತು ಕನ್ನಡ ಎಂಬುದನ್ನು ಹೆತ್ತವರು ಮೊದಲೇ ಹೇಳಬೇಕು. ಹೇಳದಿದ್ದರೆ ಭಾಷೆಯ ತೊಡಕೂ ವೈಕಲ್ಯದ ಲೆಕ್ಕಕ್ಕೆ ಸೇರಿಬಿಡಬಹುದು.

ತನ್ನ ಅಗತ್ಯವನ್ನು ತಾನೇ ಹೇಳುವುದನ್ನು ಮಗು ಮೊದಲು ಕಲಿಯುವುದು ಮನೆಮಾತಿನಲ್ಲಿ. 'ನನಗೆ ಜೋರಾಗಿ ಹೇಳಿದರೆ ಗೊತ್ತಾಗಲ್ಲ, ಒಂದ್ಸಲ ಮಾಡಿ ತೋರಿಸಿ', 'ಮೆಟ್ಟಿಲು ಹತ್ತಲು ನನಗೆ ಹೊತ್ತು ಬೇಕು', 'ಈ ಕೆಲಸ ನನಗಿಷ್ಟ ಇಲ್ಲ' ಎಂಬ ನಾಲ್ಕು ಮಾತು ಮೊದಲು ಕನ್ನಡದಲ್ಲಿ ಗಟ್ಟಿಯಾಗಲಿ. ಆಮೇಲೆ ಅದೇ ಮಾತನ್ನು ತಮಿಳಿನಲ್ಲಿ ಅಭ್ಯಾಸ ಮಾಡಿಸಿ. ಅಜ್ಜಿ, ಮಾವ, ಅಕ್ಕ ಯಾರು ಬೇಕಾದರೂ ಇದನ್ನು ಮಾಡಬಹುದು. ಇದಕ್ಕೆ ಅನುದಾನ ಬೇಕಿಲ್ಲ.

ಸುತ್ತಮುತ್ತಲ ಮಾದರಿಗಳು

ಕಾಸರಗೋಡಿನ ಎಣ್ಮಕಜೆಯಂಥ ಎಂಡೋಸಲ್ಫಾನ್ ಪೀಡಿತ ಪಂಚಾಯಿತಿಗಳ ಕನ್ನಡ ಮನೆಗಳಿಗೆ ಬಡ್ಸ್ ಶಾಲೆ ಪರಿಚಿತ ಹೆಸರು. ಸ್ಥಳೀಯ ಸಂಸ್ಥೆಗಳೂ ಕುಟುಂಬಶ್ರೀಯೂ ಸೇರಿ ನಡೆಸುವ ಈ ವ್ಯವಸ್ಥೆಯಲ್ಲಿ 18ರವರೆಗಿನ ಬೌದ್ಧಿಕ ವೈಕಲ್ಯದ ಮಕ್ಕಳಿಗೆ ಶಾಲೆ ಇದೆ, 18 ದಾಟಿದವರಿಗೆ ಬಡ್ಸ್ ಪುನರ್ವಸತಿ ಕೇಂದ್ರಗಳಿವೆ. ಶಾಲೆಯ ಆಚೆಗೂ ಹಗಲು ಹೊತ್ತು ಹೋಗಲು ಒಂದು ಜಾಗ, ಕೈಗೊಂದು ಕೆಲಸ ಇರಬೇಕೆಂಬ ಯೋಚನೆ ಅಲ್ಲಿ ವ್ಯವಸ್ಥೆಯ ಒಳಗೇ ಇದೆ. ಬೆಂಗಳೂರಿನಲ್ಲಿ 1959ರಲ್ಲಿ ಎನ್.ಎಸ್. ಹೇಮಾ ಕಟ್ಟಿದ ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ ಸಂಸ್ಥೆ ವಿಕಲಚೇತನ ಯುವಜನರಿಗೆ ತೋಟಗಾರಿಕೆಯ ತರಬೇತಿ ಕೊಡುತ್ತದೆ. ಬೋಡಿಯವರಿಗೆ ಹತ್ತಿರದ್ದೆಂದರೆ ಮದುರೆ. ದೃಷ್ಟಿಹೀನರಾದ ಎಸ್.ಎಂ.ಎ. ಜಿನ್ನಾ 1985ರಲ್ಲಿ ಸ್ಥಾಪಿಸಿದ ಇಂಡಿಯನ್ ಅಸೋಸಿಯೇಷನ್ ಫಾರ್ ದಿ ಬ್ಲೈಂಡ್ ಅಲ್ಲಿದೆ.

ಮೀಟರ್ ಗೇಜ್ ಹಳಿ ಬದಲಿಸಲೆಂದು ವರ್ಷಗಟ್ಟಲೆ ನಿಂತಿದ್ದ ಮದುರೆ ರೈಲು 2023ರ ಜೂನ್ 15ರಿಂದ ಮತ್ತೆ ಬೋಡಿಗೆ ಬರುತ್ತಿದೆ. ಜೀಪು, ಬಸ್ಸು ಹತ್ತಲು ಕಷ್ಟಪಡುವ ಮಗುವಿಗೆ ಇದು ಸಣ್ಣ ಸಂಗತಿಯಲ್ಲ. ತಾನೇ ಟಿಕೆಟ್ ಕೇಳಿ, ನಿಲ್ದಾಣ ಗುರುತಿಸಿ, ಇಳಿದು ಬರುವುದನ್ನು ರಜೆಯಲ್ಲಿ ನಾಲ್ಕು ಸಲ ಜೊತೆಗಿದ್ದು ಕಲಿಸಿದರೆ ಅದೇ ಒಂದು ದೊಡ್ಡ ಪಾಠ.

ವರ್ಷವರ್ಷದ ಲೆಕ್ಕ

ಹಾಗಾದರೆ ಏನು ಮಾಡಬೇಕು? ಹೆತ್ತವರು ಮತ್ತು ಶಿಕ್ಷಕರು ಕೂತು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಬಹುದಾದ ಕ್ರಮ ಇಲ್ಲಿದೆ.

ಎಂಟನೇ ತರಗತಿ: ಮಗುವನ್ನು ಎದುರಿಗೆ ಕೂರಿಸಿಕೊಂಡು ಅದಕ್ಕೇನಿಷ್ಟ ಎಂದು ಕೇಳಿ. ಉತ್ತರ ಬರಲು ಸಮಯ ಕೊಡಿ. ಮಾತಾಡದ ಮಗುವಾದರೆ ಚಿತ್ರ ತೋರಿಸಿ, ಅಂಗಡಿ, ಗೋದಾಮು, ನರ್ಸರಿ ಸುತ್ತಿಸಿ, ಎಲ್ಲಿ ನಿಂತು ನೋಡುತ್ತದೆ ಎಂದು ಗಮನಿಸಿ. ಮನೆಯಲ್ಲಿ ಅದಕ್ಕೇ ಎಂದು ಒಂದು ಕೆಲಸ ಇರಲಿ.

ಒಂಬತ್ತನೇ ತರಗತಿ: ವೈಕಲ್ಯದ ಪ್ರಮಾಣಪತ್ರ ಮತ್ತು ಯುಡಿಐಡಿ ಕಾರ್ಡು ಸರಿಯಿದೆಯೇ, ಅವಧಿ ಮುಗಿದಿದೆಯೇ ನೋಡಿ. ಪರೀಕ್ಷೆಗೆ ಬರಹಗಾರರು, ಹೆಚ್ಚುವರಿ ಸಮಯ ಬೇಕಿದ್ದರೆ ಈಗಲೇ ಮುಖ್ಯೋಪಾಧ್ಯಾಯರಿಗೆ ಅರ್ಜಿ ಕೊಡಿ. ಕೇಂದ್ರದ 2018ರ ಮಾರ್ಗಸೂಚಿಯಲ್ಲಿ ಪರೀಕ್ಷೆಯ ಪ್ರತಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚು ಎಂದಿದೆ. ಪರೀಕ್ಷೆಯ ಹಿಂದಿನ ವಾರ ಓಡಾಡಿದರೆ ಇದು ದಕ್ಕುವುದಿಲ್ಲ.

ಹತ್ತು, ಹನ್ನೊಂದು: ಕೆಲಸದ ರುಚಿ ತೋರಿಸುವ ಕಾಲ. ಏಲಕ್ಕಿ ಬೇರ್ಪಡಿಸುವುದರಲ್ಲಿ ಗಾತ್ರ ಗುರುತಿಸುವುದು, ಬಣ್ಣ ನೋಡುವುದು, ತೂಕ ಹಾಕುವುದು, ಚೀಟಿ ಅಂಟಿಸುವುದು ಎಂದು ಹಂತಗಳಿವೆ. ಒಂದು ಹಂತ ಆಗದ ಮಗುವಿಗೆ ಇನ್ನೊಂದು ಆಗಬಹುದು. ಕಾಯಿ ಒಣಗಿಸುವ ಒಲೆಯ ಹತ್ತಿರ ಬೇಡ. ಕಾನೂನಿನ ಮಿತಿ ಮರೆಯಬಾರದು: 14 ದಾಟಿರಬೇಕು, ಅಪಾಯವಿಲ್ಲದ ಕೆಲಸವಾಗಿರಬೇಕು, ಓದಿಗೆ ಅಡ್ಡಿಯಾಗಬಾರದು. ಮಾಡಿದ ಕೆಲಸಕ್ಕೆ ಕೂಲಿ ಕೊಡಲೇಬೇಕು. 'ಕಲಿಯಲಿ ಬಿಡಿ' ಎಂದು ಪುಕ್ಕಟೆ ದುಡಿಸಿಕೊಳ್ಳುವುದು ತರಬೇತಿಯಲ್ಲ.

ಹನ್ನೆರಡು: ಊರಿನಲ್ಲೇ ಕಾರ್ಡಮಮ್ ಪ್ಲಾಂಟರ್ಸ್ ಅಸೋಸಿಯೇಷನ್ ಕಾಲೇಜಿದೆ, ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿದೆ. ಅರ್ಜಿ ಹಾಕುವ ಮುಂಚೆ ಮಗುವನ್ನು ಕರೆದುಕೊಂಡು ಹೋಗಿ. ಇಳಿಜಾರು ದಾರಿ ಇದೆಯೇ, ಶೌಚಾಲಯಕ್ಕೆ ಗಾಲಿಕುರ್ಚಿ ಹೋಗುತ್ತದೆಯೇ, ಕಣ್ಣು ಕಾಣದವರಿಗೆ ಪಾಠ ಧ್ವನಿಯಲ್ಲಿ ಸಿಗುತ್ತದೆಯೇ ಎಂದು ಕೇಳಿ.

ಹದಿನೆಂಟು: ಕಾನೂನಿನ ಕಣ್ಣಿಗೆ ಮಗು ಈಗ ವಯಸ್ಕ. ಬ್ಯಾಂಕ್ ಖಾತೆ, ಸಹಿ, ಮತದಾನ ಎಲ್ಲ ಅದರದೇ. ಬೌದ್ಧಿಕ ವೈಕಲ್ಯ, ಆಟಿಸಂ, ಸೆರೆಬ್ರಲ್ ಪಾಲ್ಸಿ, ಬಹುವೈಕಲ್ಯ ಇರುವವರಿಗೆ ಪಾಲಕರ ನೇಮಕ ಬೇಕೆನಿಸಿದರೆ 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯ ಪ್ರಕಾರ ಜಿಲ್ಲೆಯ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಹಾಕಬಹುದು. ಎಲ್ಲರಿಗೂ ಅದು ಬೇಕಿಲ್ಲ. ತಾನೇ ನಿರ್ಧರಿಸಬಲ್ಲ ಮಗುವಿನಿಂದ ನಿರ್ಧಾರವನ್ನು ಕಿತ್ತುಕೊಳ್ಳಬಾರದು.

ಇದೆಲ್ಲ ಒಬ್ಬ ಅಮ್ಮನಿಂದ ಆಗುವ ಕೆಲಸವಲ್ಲ. ಶಾಲೆ ಹೇಳಿದ್ದು ಕಾಲೇಜಿಗೆ ಗೊತ್ತಿಲ್ಲ, ಕಾಲೇಜಿನದು ಕಲ್ಯಾಣ ಇಲಾಖೆಗೆ ಗೊತ್ತಿಲ್ಲ ಎಂಬಂತಾದರೆ ಪ್ರತಿ ಬಾಗಿಲಲ್ಲೂ ಅವಳು ಮೊದಲಿನಿಂದ ಕಥೆ ಹೇಳಬೇಕು. ಶಾಲೆ ಬಿಡುವ ದಿನ ವರ್ಗಾವಣೆ ಪತ್ರದ ಜೊತೆ ಇನ್ನೊಂದು ಹಾಳೆ ಮಗುವಿನ ಕೈಗೆ ಬರಲಿ: ಈ ಮಗುವಿಗೆ ಏನು ಬರುತ್ತದೆ, ಏನು ಇಷ್ಟ, ಯಾವ ನೆರವು ಬೇಕು, ಮನೆಯಲ್ಲಿ ಯಾವ ಮಾತು. ಮುಖ್ಯೋಪಾಧ್ಯಾಯರ ಸಹಿ ಇರುವ ಆ ಒಂದು ಹಾಳೆಗೆ ಯಾವ ಸರ್ಕಾರಿ ಆದೇಶವೂ ಬೇಕಿಲ್ಲ.

ಈ ಜೂನಿನಲ್ಲಿ ಎಂಟನೇ ತರಗತಿಗೆ ಕಾಲಿಡುವ ಮಗುವಿಗೆ ಹನ್ನೆರಡು ಮುಗಿಯಲು ಇನ್ನು ಐದು ವರ್ಷ. ಜಗಲಿಯ ಮೇಲೆ ಕೂರುವುದೋ, ಬೆಳಿಗ್ಗೆ ಬುತ್ತಿ ಹಿಡಿದು ಹೊರಡುವುದೋ ಎಂಬುದು ಆ ಐದು ವರ್ಷಗಳಲ್ಲಿ ತೀರ್ಮಾನವಾಗುತ್ತದೆ. ನಿಮ್ಮ ಬೀದಿಯಲ್ಲಿ ಅಂಥ ಮಗುವಿದ್ದರೆ ಮುಂದೇನು ಮಾಡಬೇಕೆಂದಿದ್ದೀಯಾ ಎಂದು ಅದನ್ನೇ ಕೇಳಿ, ಕನ್ನಡದಲ್ಲೇ ಕೇಳಿ.